ಅರ್ಧ ದಿನದ ಸೂಪರ್‌ವೈಸರ್

ಆ ಪಾರ್ಸೆಲ್ ಗೋದಾಮಿನಲ್ಲಿ ಅವಳನ್ನು ಎಲ್ಲರೂ ತಂಗಿ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಎಷ್ಟೋ ಚಿಕ್ಕವರೂ ತಂಗಿ ಎನ್ನುತ್ತಿದ್ದರು, ಗೇಟಿನ ಕಾವಲುಗಾರನೂ ತಂಗಿ ಎನ್ನುತ್ತಿದ್ದ. ಅದಕ್ಕೆ ದೊಡ್ಡ ಕಾರಣವೇನಿಲ್ಲ. ಅಲ್ಲಿ ಮೊದಲು ಕೆಲಸಕ್ಕೆ ಸೇರಿದ್ದು ಅವಳ ಅಕ್ಕ. ಆಮೇಲೆ ಒಂದು ದಿನ ಇವಳನ್ನೂ ಕೈಹಿಡಿದು ಕರೆತಂದು, "ಇವಳು ನನ್ನ ತಂಗಿ. ನೋಡೋಕೆ ಕಡ್ಡಿ ಥರ ಇದಾಳೆ, ಎತ್ತೋದರಲ್ಲಿ ಗಟ್ಟಿ" ಎಂದು ಹೇಳಿ ಲಾರಿಯೊಳಗೆ ನಿಲ್ಲಿಸಿದ್ದಳು. ಅವತ್ತಿನಿಂದ ಹೆಸರು ಹಾಗೇ ಅಂಟಿಕೊಂಡಿತು. ಒಬ್ಬಳು ಅಕ್ಕ, ಇನ್ನೊಬ್ಬಳು ತಂಗಿ.

ಕೆಲಸ ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೆ. ಲಾರಿಗಳು ಹಿಮ್ಮುಖವಾಗಿ ಬಂದು ಗೋದಾಮಿನ ಕಟ್ಟೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದವು. ಬಾಗಿಲು ತೆರೆದರೆ ನೆಲದಿಂದ ಸೂರಿನವರೆಗೆ ರಟ್ಟಿನ ಡಬ್ಬಗಳ ಗೋಡೆ. ಒಂದೊಂದು ಲಾರಿಗೆ ಇಬ್ಬರು. ಗೋಡೆಯನ್ನು ಒಡೆದು, ಒಂದೊಂದೇ ಡಬ್ಬವನ್ನು ಓಡುವ ಬೆಲ್ಟಿನ ಮೇಲೆ ವಿಳಾಸ ಮೇಲೆ ಬರುವಂತೆ ಇಡಬೇಕು. ಒಂದು ಗೋಡೆ ಮುಗಿದರೆ ಅದರ ಹಿಂದೆ ಇನ್ನೊಂದು ಗೋಡೆ. ಬೇಸಿಗೆಯಲ್ಲಿ ಲಾರಿಯ ಹೊಟ್ಟೆ ಒಲೆಯ ಹಾಗೆ ಕಾಯುತ್ತಿತ್ತು, ಚಳಿಯಲ್ಲಿ ಅದೇ ತಗಡು ಮೂಳೆ ಕೊರೆಯುತ್ತಿತ್ತು.

ಅಕ್ಕತಂಗಿಯರು ಒಂದೇ ಲಾರಿಯಲ್ಲಿ ನಿಲ್ಲುತ್ತಿದ್ದರು. ಅವರ ನಡುವೆ ಬಾಯಿಬಿಟ್ಟು ಆಡದ ಒಂದು ಏರ್ಪಾಡಿತ್ತು. ಸೊಂಟದ ಮಟ್ಟದಲ್ಲಿರುವ ಡಬ್ಬಗಳು ಅಕ್ಕನವು. ತಲೆಯ ಮೇಲಿನವು, ನೆಲಕ್ಕೆ ಕಚ್ಚಿಕೊಂಡವು, ತೂಕದವು, ಎಲ್ಲ ತಂಗಿಯವು. ಅಕ್ಕನ ಬಲಭುಜ ಕೆಟ್ಟು ಎರಡು ವರ್ಷಗಳ ಮೇಲಾಗಿತ್ತು. ಕೈ ಎದೆಯ ಮಟ್ಟಕ್ಕೆ ಬರುವಷ್ಟರಲ್ಲಿ ಅವಳ ಮುಖ ಒಂದು ಕ್ಷಣ ಕಿವುಚಿಕೊಳ್ಳುತ್ತಿತ್ತು. ತಂಗಿ ಅದನ್ನು ಕಂಡ ದಿನದಿಂದ ಮೇಲಿನ ಸಾಲಿಗೆ ತಾನೇ ಮೊದಲು ಕೈ ಹಾಕತೊಡಗಿದಳು.

ಹೀಗಿರುವಾಗ ಒಂದು ಸಂಜೆ ಮ್ಯಾನೇಜರ್ ಅವಳನ್ನು ಕರೆದ. ಅವಳಿಗಿಂತ ಚಿಕ್ಕವನು, ಸದಾ ಹಸಿದ ಮುಖದವನು. ಒಂದು ಕಿವಿಯಲ್ಲಿ ಫೋನು, ಇನ್ನೊಂದು ಕಿವಿ ಮಾತ್ರ ಎದುರಿಗಿದ್ದವರಿಗೆ.

"ತಂಗಿಯವರೇ, ನಿಮ್ಮ ಹತ್ತಿರ ಒಂದು ವಿಷಯ ಮಾತಾಡಬೇಕಿತ್ತು" ಎಂದ. ವಯಸ್ಸಿಗೆ ಮರ್ಯಾದೆ ಕೊಡಬೇಕು, ಆದರೆ ಬೇರೆ ಹೆಸರೇ ಗೊತ್ತಿಲ್ಲ. ಹಾಗಾಗಿ ಅವನು ಯಾವಾಗಲೂ ತಂಗಿಯವರೇ ಎನ್ನುತ್ತಿದ್ದ. "ಈ ಕಟ್ಟೆ ನೋಡ್ಕೊಳ್ಳೋ ಸೂಪರ್‌ವೈಸರ್ ಬಿಟ್ಟು ಹೋಗ್ತಾ ಇದಾರೆ. ಆ ಜಾಗಕ್ಕೆ ನೀವು ಬರ್ತೀರಾ?"

"ನಾನಾ?"

"ಇದೇ ಪಾರ್ಟ್ ಟೈಮು, ಇದೇ ಅರ್ಧ ದಿನ. ಸ್ವಲ್ಪ ಮುಂಚೆ ಬರಬೇಕು, ಕೊನೇಲಿ ಸ್ವಲ್ಪ ತಡವಾಗಿ ಹೋಗಬೇಕು. ಯಾರು ಯಾವ ಲಾರಿಗೆ ಅಂತ ನೀವೇ ಹೇಳೋದು. ಸಂಬಳಾನೂ ಜಾಸ್ತಿ. ಆದರೆ ಪಾರ್ಸೆಲ್ ಮುಟ್ಟೋ ಹಾಗಿಲ್ಲ, ಅದು ರೂಲು."

ತಂಗಿ ತನ್ನ ಕೈಗಳನ್ನೊಮ್ಮೆ ನೋಡಿಕೊಂಡಳು. ಅವನು ಬೇರೆ ಯಾರನ್ನೋ ಕರೆಯಲು ಹೋಗಿ ತನ್ನನ್ನು ಕರೆದಿರಬೇಕು ಎನ್ನಿಸಿತು.

"ನನ್ನನ್ನೇ ಯಾಕೆ?"

ಮ್ಯಾನೇಜರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. "ನಿಮ್ಮ ಲಾರೀಲಿ ಜಗಳ ಆಗಲ್ಲ. ಅಷ್ಟೇ. ಹೋದ ತಿಂಗಳಿಂದ ನನಗೆ ಬೇಕಾಗಿರೋದು ಅದೊಂದೇ." ಆಮೇಲೆ, ಅವಳ ಮುಖ ನೋಡಿ, "ಈಗಲೇ ಹೇಳಬೇಡಿ. ಎರಡು ಮೂರು ದಿನ ಸೂಪರ್‌ವೈಸರ್ ಜಾಕೆಟ್ ಹಾಕ್ಕೊಂಡು ನಿಂತು ನೋಡಿ. ಸರಿ ಬಂದರೆ ಸರಿ" ಎಂದು ಫೋನಿನ ಕಡೆಗೆ ತಿರುಗಿದ.

ಅಕ್ಕನಿಗೆ ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ತಂಗಿಯನ್ನು ಸಾಕಿದವಳು ಅವಳೇ. ಸಾಕಿ, ಮದುವೆ ಮಾಡಿ, ಆಮೇಲೆ ಅದೇ ತಂಗಿಯ ಮನೆಯ ಮುಂದಿನ ಕೋಣೆಯಲ್ಲಿ ಮಂಚ ಹಾಕಿಕೊಂಡಿದ್ದಳು. ತಂಗಿಯ ಗಂಡ ಫ್ರಿಜ್ ರಿಪೇರಿ ಮಾಡುವವನು. ಮಗಳು ಹೈಸ್ಕೂಲು. ರಾತ್ರಿ ಊಟಕ್ಕೆ ಕೂತಾಗ ತಂಗಿ ವಿಷಯ ಹೇಳಿದಳು. ಹೇಳುವುದಕ್ಕಿಂತ ಹೆಚ್ಚಾಗಿ ತಟ್ಟೆಯ ಪಕ್ಕಕ್ಕೆ ಹಾಕಿದಳು, ಬೇಕಾದವರು ತೆಗೆದುಕೊಳ್ಳಲಿ ಎನ್ನುವ ಹಾಗೆ.

ಗಂಡನಿಗೆ ನಗು ಬಂತು. "ಅರ್ಧ ದಿನದ ಸೂಪರ್‌ವೈಸರ್ರಾ? ಹಾಗಾದ್ರೆ ಬೆಳಿಗ್ಗೆ ಹೊತ್ತು ನಾನು ಹೆದರಬೇಕಾಗಿಲ್ಲ."

"ನೀವು ಯಾವತ್ತು ಹೆದರಿದ್ದೀರಿ?"

"ಒಳಗೊಳಗೇ ಹೆದರ್ತೀನಿ ಕಣೇ, ತೋರಿಸ್ಕೊಳ್ಳಲ್ಲ."

ಮಗಳು, "ಅಮ್ಮ, ಸೀಟಿ ಕೊಡ್ತಾರಾ?" ಎಂದಳು.

ಅಕ್ಕ ಮಾತ್ರ ನಗಲಿಲ್ಲ. ಎಡಗೈಯಲ್ಲಿ ನೀರಿನ ಲೋಟ ಎತ್ತಿ ಕುಡಿದು, ಕೆಳಗಿಟ್ಟು, "ಒಪ್ಕೊ" ಎಂದಳು.

"ಯೋಚನೆ ಮಾಡಬೇಕು ಅಕ್ಕ."

"ಯೋಚನೆ ಮಾಡೋದೇನಿದೆ ಅದರಲ್ಲಿ? ಕರೆದು ಕೊಡ್ತಾ ಇದಾರೆ. ಒಪ್ಕೊ."

ಅಷ್ಟು ಹೇಳಿ ಅವಳು ತಟ್ಟೆ ಎತ್ತಿಕೊಂಡು ಎದ್ದಳು. ಅವಳ ತಟ್ಟೆಯಲ್ಲಿ ಅನ್ನ ಇನ್ನೂ ಅರ್ಧ ಉಳಿದಿತ್ತು. "ದೊಡ್ಡಮ್ಮನಿಗೆ ಏನಾಯ್ತು?" ಎಂದು ಮಗಳು ಕೇಳಿದಳು. "ಸುಸ್ತಾಗಿರುತ್ತೆ" ಎಂದಳು ತಂಗಿ. ಆ ಮನೆಯಲ್ಲಿ ಯಾವ ಪ್ರಶ್ನೆ ಕೇಳಿದರೂ ಸಲ್ಲುವ ಉತ್ತರ ಅದೊಂದಿತ್ತು.

ಸುಸ್ತು ಸುಳ್ಳೂ ಆಗಿರಲಿಲ್ಲ. ತಂಗಿ ಬೆಳಿಗ್ಗೆ ಇನ್ನೊಂದು ಕಡೆ ಹೋಗುತ್ತಿದ್ದಳು, ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಗೆ. ಬಿಸಿ ಆರದ ಹಾಸಿಗೆ ಬಟ್ಟೆಗಳನ್ನು ಎದುರುಬದುರು ನಿಂತು ಇಬ್ಬರು ಮಡಿಚುವ ಕೆಲಸ. ಅಲ್ಲಿಂದ ಓಡುತ್ತ ಬಸ್ಸು ಹಿಡಿದು ಗೋದಾಮು. ಇತ್ತೀಚೆಗೆ ಬೆಳಿಗ್ಗೆ ಎದ್ದಾಗ ಬೆರಳುಗಳು ಮಡಚಿಕೊಂಡೇ ಇರುತ್ತಿದ್ದವು. ಬಿಸಿನೀರಿನಲ್ಲಿ ಅದ್ದಿ ಒಂದೊಂದಾಗಿ ಬಿಡಿಸಿಕೊಳ್ಳಬೇಕಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ, ನಿಜವಾದರೆ ಅದಕ್ಕೇನಾದರೂ ಮಾಡಬೇಕಾಗುತ್ತದೆ.

ಮರುದಿನ ಚಹಾ ಬಿಡುವಿನಲ್ಲಿ ಬೆಂಚಿನ ಮೇಲೆ ವಕೀಲರು ಸಿಕ್ಕರು. ವಕೀಲರೆಂದರೆ ಕರಿ ಕೋಟಿನ ವಕೀಲರಲ್ಲ. ಇವಳ ಹಾಗೆಯೇ ಡಬ್ಬ ಎತ್ತುವವರು, ಕಾರ್ಮಿಕರ ಸಂಘದ ಕಡೆಯಿಂದ ಮಾತಾಡುವವರು. ಬಾಯಿ ತೆರೆದರೆ ರೂಲು ಹೇಳುತ್ತಾರೆಂದು ಆ ಹೆಸರು ಬಿದ್ದಿತ್ತು. ಸುದ್ದಿ ಆಗಲೇ ಅವರ ಕಿವಿಗೆ ಬಿದ್ದಿತ್ತು.

"ಕೇಳಿದೆ" ಎಂದರು. "ಒಳ್ಳೇದೇ. ಆದರೆ ಒಂದು ಮಾತು ತಿಳ್ಕೊ. ಒಂದು ಸಲ ಆ ಕಡೆ ದಾಟಿದರೆ ನೀನು ಸಂಘದಲ್ಲಿ ಇರೋ ಹಾಗಿಲ್ಲ. ಸರಿ ಬರಲಿಲ್ಲ ಅಂತ ನಾಳೆ ವಾಪಸ್ ಬಂದರೆ ಹೊಸಬಳ ಥರ ಸಾಲಿನ ಕೊನೇಲಿ ನಿಲ್ಲಬೇಕು."

"ಪಾರ್ಸೆಲ್ ಯಾಕೆ ಮುಟ್ಟಬಾರದು ವಕೀಲರೇ? ಒಂದು ಡಬ್ಬ ಎತ್ತಿ ಕೊಟ್ಟರೆ ಯಾರಿಗೇನು ನಷ್ಟ?"

"ಇವತ್ತು ನೀನು ಒಂದು ಎತ್ತು. ನಾಳೆ ಅವರು ಹತ್ತು ಎತ್ತಿಸ್ತಾರೆ. ಆಮೇಲೆ, ಸೂಪರ್‌ವೈಸರೇ ಎತ್ತುತಾಳಲ್ಲ, ಇಲ್ಲಿ ಇಬ್ಬರು ಯಾಕೆ ಅಂತಾರೆ. ಆ ರೂಲಿಗೋಸ್ಕರ ನಾವು ಮುಷ್ಕರ ಮಾಡಿ ಬಿಸಿಲಲ್ಲಿ ಕೂತಿದ್ದೀವಿ ಕಣಮ್ಮ." ಅವರು ಚಹಾದ ತಳದಲ್ಲಿದ್ದದ್ದನ್ನು ಕುಡಿದು ಲೋಟ ಮುದುರಿದರು. "ಆ ಕಡೆ ಹೋದರೆ ಕೈ ಜೇಬಲ್ಲಿ ಇಟ್ಕೊ. ಅದು ಎತ್ತೋದಕ್ಕಿಂತ ಕಷ್ಟ."

ಜಾಕೆಟ್ಟು ತೊಟ್ಟ ಮೊದಲ ದಿನ ಸುಸೂತ್ರವಾಗಿಯೇ ಕಳೆಯಿತು. ಕಿತ್ತಳೆ ಬಣ್ಣದ ಜಾಕೆಟ್ಟು ಯಾವನೋ ದಪ್ಪನೆಯವನ ಅಳತೆಯದು, ಅವಳ ಮೈಮೇಲೆ ಗೋಣಿಚೀಲದ ಹಾಗೆ ಜೋತಾಡುತ್ತಿತ್ತು. ಕಟ್ಟೆಯ ಉದ್ದಕ್ಕೂ ಆ ತುದಿಯಿಂದ ಈ ತುದಿಗೆ ನಡೆಯುವುದು, ಎಲ್ಲಿ ಬೆಲ್ಟು ಕಟ್ಟಿಕೊಂಡಿದೆ ನೋಡುವುದು, ಯಾರಿಗೆ ನೀರು ಬೇಕು, ಯಾರು ಯಾರ ಜೊತೆ ಮುನಿಸಿಕೊಂಡಿದ್ದಾರೆ ವಿಚಾರಿಸುವುದು. ಅಕ್ಕನ ಲಾರಿಗೆ ಅವಳು ವಕೀಲರನ್ನೇ ಜೊತೆ ಹಾಕಿದ್ದಳು. ಅವರು ಮೇಲಿನ ಸಾಲನ್ನು ತಾವೇ ಇಳಿಸಿಕೊಳ್ಳುತ್ತಿದ್ದುದನ್ನು ದೂರದಿಂದ ಕಂಡು ಅವಳ ಮನಸ್ಸು ತುಸು ಹಗುರಾಯಿತು. ಆದರೆ ಚಹಾ ಬಿಡುವಿನಲ್ಲಿ ಬೆಂಚಿನ ಹತ್ತಿರ ಹೋದಾಗ ಮಾತು ಗಕ್ಕನೆ ನಿಂತಿತು. ಯಾರೋ ಸರಿದು ಜಾಗ ಕೊಟ್ಟರು. ಯಾವತ್ತೂ ಯಾರೂ ಅವಳಿಗೆ ಸರಿದು ಜಾಗ ಕೊಟ್ಟಿರಲಿಲ್ಲ. ಅವಳೇ ಎರಡು ಮೈಗಳ ನಡುವೆ ನುಸುಳಿ ಕೂರುತ್ತಿದ್ದಳು. ಅವಳು ಕೂತಳು, ಚಹಾ ಕುಡಿದಳು. ಮಾತು ಬಿಸಿಲಿನ ವಿಷಯಕ್ಕೆ ಹೊರಳಿಕೊಂಡಿತು.

ಎರಡನೆಯ ದಿನ ಎಲ್ಲ ತಲೆಕೆಳಗಾಯಿತು. ಇಬ್ಬರು ಕೆಲಸಕ್ಕೆ ಬಂದಿರಲಿಲ್ಲ. ಬೆಳಿಗ್ಗೆಯೇ ಬರಬೇಕಿದ್ದ ಒಂದು ಲಾರಿ ಮಧ್ಯಾಹ್ನ ಬಂತು, ಅದರ ಸಾಮಾನು ಅವತ್ತೇ ಮುಂದಕ್ಕೆ ಹೋಗಬೇಕಿತ್ತು. ಮ್ಯಾನೇಜರ್ ಮೇಲಿನವರಿಂದ ಬೈಸಿಕೊಂಡ ದನಿಯಲ್ಲೇ ಫೋನು ಮಾಡಿದ. "ಆ ಕೊನೇ ಲಾರಿಗೆ ಒಬ್ಬರನ್ನ ಹಾಕಿ ತಂಗಿಯವರೇ, ಎಲ್ಲಿಂದಾದರೂ ಹಾಕಿ, ನನ್ನನ್ನ ಕೇಳಬೇಡಿ."

ಅವಳು ಕಟ್ಟೆಯ ಉದ್ದಕ್ಕೂ ಕಣ್ಣಾಡಿಸಿದಳು. ಎಲ್ಲೆಲ್ಲೂ ಲಾರಿಗಳು ಹೊಟ್ಟೆ ತುಂಬಿಕೊಂಡು ನಿಂತಿದ್ದವು. ಅಕ್ಕನ ಲಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು. ಸ್ವಲ್ಪ ಹೊತ್ತು ತಾನೇ, ಎಂದುಕೊಂಡಳು. ಒಂದು ಗೋಡೆ ಇಳಿಸುವಷ್ಟು ಹೊತ್ತು.

"ವಕೀಲರೇ, ಆ ಕೊನೇ ಲಾರಿಗೆ ಹೋಗ್ತೀರಾ?"

ವಕೀಲರು ಅವಳನ್ನು ನೋಡಿದರು. ಆಮೇಲೆ ಅಕ್ಕನನ್ನು ನೋಡಿದರು. ಅಕ್ಕ ಬೆನ್ನು ತಿರುಗಿಸಿಯೇ, "ಹೋಗಿ, ಹೋಗಿ. ನಾನೇನು ಮಗುವಾ?" ಎಂದಳು. ವಕೀಲರು ಹೋದರು.

ಡಬ್ಬಗಳು ಬಿದ್ದ ಸದ್ದು ಕೇಳಿದಾಗ ತಂಗಿ ಕಟ್ಟೆಯ ಮಧ್ಯದಲ್ಲಿದ್ದಳು. ದೊಡ್ಡ ಸದ್ದೇನಲ್ಲ, ಗೋದಾಮಿನಲ್ಲಿ ದಿನವೂ ಏನಾದರೂ ಬೀಳುತ್ತಲೇ ಇರುತ್ತದೆ. ಆದರೆ ಇದು ಅಕ್ಕನ ಲಾರಿಯ ಕಡೆಯಿಂದ ಬಂದಿತ್ತು. ಓಡಿದಳು. ಲಾರಿಯೊಳಗೆ ಮೇಲಿನ ಸಾಲು ಪೂರ್ತಿ ಕುಸಿದಿತ್ತು. ಅಕ್ಕ ಡಬ್ಬಗಳ ಮಧ್ಯೆ ತಗಡಿನ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು. ರಕ್ತ ಇರಲಿಲ್ಲ, ಕೂಗೂ ಇರಲಿಲ್ಲ. ಅವಳ ಮುಖ ಮಾತ್ರ ಬಿಳಿಚಿಕೊಂಡಿತ್ತು.

"ಎಲ್ಲಿ ಬಿತ್ತು? ಅಕ್ಕ, ಎಲ್ಲಿ ಬಿತ್ತು?"

"ಎಲ್ಲೂ ಬಿದ್ದಿಲ್ಲ. ಎತ್ತೋಕೆ ಹೋದೆ, ಕೈ ಬರಲಿಲ್ಲ. ಅಷ್ಟೇ."

ಬೆಲ್ಟು ಖಾಲಿ ಓಡುತ್ತಿತ್ತು. ಜೇಬಿನಲ್ಲಿ ಫೋನು ಅರಚುತ್ತಿತ್ತು. ತಂಗಿ ಏನನ್ನೂ ಯೋಚಿಸಲಿಲ್ಲ. ಬಗ್ಗಿ ಒಂದು ಡಬ್ಬ ಎತ್ತಿ ಬೆಲ್ಟಿಗೆ ಹಾಕಿದಳು, ಇನ್ನೊಂದು, ಮತ್ತೊಂದು. ಮೈಗೆ ಗೊತ್ತಿದ್ದ ಕೆಲಸ. ಎರಡು ದಿನಗಳಲ್ಲಿ ಮೊದಲ ಸಲ ಅವಳಿಗೆ ಉಸಿರು ಸರಾಗವಾದಂತಾಯಿತು.

"ಕೆಳಗಿಡು."

ವಕೀಲರು ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ ಪಕ್ಕದ ಲಾರಿಯ ಇಬ್ಬರು.

"ವಕೀಲರೇ, ರೂಲು ಆಮೇಲೆ ಹೇಳಿ. ಅಕ್ಕನಿಗೆ..."

"ಅಕ್ಕನಿಗೆ ಅಂತಾನೇ ಹೇಳ್ತಾ ಇದೀನಿ. ಕೆಳಗಿಡು. ನಾವು ಎತ್ತುತೀವಿ." ಅವರು ಅವಳ ಕೈಯಿಂದ ಡಬ್ಬ ತೆಗೆದುಕೊಂಡರು. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಯಾಸವಿತ್ತು. "ಇಷ್ಟು ದಿನ ನೀನೊಬ್ಬಳೇ ಎತ್ತಿದೆ ಅಂದ್ಕೊಂಡಿದ್ಯಾ? ದಿನಾ ಹಗುರದ ಲಾರಿ ನಿಮ್ಮಿಬ್ಬರ ಪಾಲಿಗೇ ಹೇಗೆ ಬರುತ್ತೆ ಅಂತ ಒಂದು ದಿನಾನಾದ್ರೂ ಕೇಳಿದ್ಯಾ? ಆ ಗೇಟಿನವನೇ ಕಳಿಸ್ತಾನೆ. ಎಲ್ಲರಿಗೂ ಗೊತ್ತು."

ತಂಗಿ ಅಕ್ಕನ ಕಡೆ ನೋಡಿದಳು. ಅಕ್ಕ ಯಾರ ಕಡೆಗೂ ನೋಡಲಿಲ್ಲ. ಗೋಡೆ ಹಿಡಿದು ಎದ್ದು, ಪ್ಯಾಂಟಿನ ಧೂಳು ಕೊಡವಿಕೊಂಡು, ಎಡಗೈಯಲ್ಲಿ ಒಂದು ಚಿಕ್ಕ ಡಬ್ಬ ಎತ್ತಿ ಬೆಲ್ಟಿನ ಮೇಲಿಟ್ಟಳು. ವಿಳಾಸ ಮೇಲೆ ಬರುವ ಹಾಗೆ ತಿರುಗಿಸಿಯೇ ಇಟ್ಟಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಹೊರಗೆ ಅಂಗಡಿಗಳ ದೀಪ ಹತ್ತುತ್ತಿದ್ದವು. ಎದುರು ಸೀಟಿನಲ್ಲಿ ಒಬ್ಬ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದ. ಅವನನ್ನು ನೋಡುತ್ತ ಕೂತರೆ ತಮಗೂ ಕಣ್ಣು ಎಳೆಯುವ ಹಾಗಿತ್ತು. ತಂಗಿ ಅಕ್ಕನ ಕಡೆ ತಿರುಗಿದಳು.

"ನಾಳೆ ಬೇಡ ಅಂತ ಹೇಳಿಬಿಡ್ತೀನಿ."

"ಯಾಕೆ?"

"ನೀನು ಒದ್ದಾಡೋದನ್ನ ಜೇಬಲ್ಲಿ ಕೈಯಿಟ್ಕೊಂಡು ನೋಡ್ತಾ ನಿಲ್ಲೋಕೆ ನನ್ನ ಕೈಲಾಗಲ್ಲ ಅಕ್ಕ. ಇವತ್ತು ನಾನೇ ಅವರನ್ನ ಕಳಿಸಿದ್ದು."

ಅಕ್ಕ ಕಿಟಕಿಯ ಕಡೆಯೇ ನೋಡುತ್ತಿದ್ದಳು. "ನೀನು ಮೇಲಿನ ಸಾಲಿಗೆ ಕೈ ಹಾಕ್ತಿದ್ದದ್ದು ನನಗೆ ಕಾಣ್ತಿರಲಿಲ್ಲ ಅಂದ್ಕೊಂಡ್ಯಾ? ಒಂದೊಂದು ಡಬ್ಬ ನೀನು ಇಳಿಸುವಾಗಲೂ ನನಗೆ ಭೂಮಿಗೆ ಇಳಿದುಹೋಗೋಣ ಅನ್ನಿಸ್ತಿತ್ತು. ಆದರೂ ಸುಮ್ಮನಿದ್ದೆ. ಯಾಕೆ ಗೊತ್ತಾ? ಬಾಯಿಬಿಟ್ಟರೆ ಆ ಅಜ್ಜಿಯರ ಮೇಜಿಗೆ ಕಳಿಸ್ತಾರೆ. ಅಲ್ಲಿಂದ ಮುಂದಕ್ಕೆ ಮನೇನೇ."

ಅಜ್ಜಿಯರ ಮೇಜು ಎಂದರೆ ಗೋದಾಮಿನ ಒಳಮೂಲೆಯಲ್ಲಿದ್ದ ಚಿಕ್ಕ ಪಾರ್ಸೆಲ್ಲುಗಳ ಮೇಜು. ಲಕೋಟೆ, ಅಂಗೈ ಅಗಲದ ಡಬ್ಬ, ಹರಿದುಹೋದ ವಿಳಾಸಗಳನ್ನು ಕೂತು ವಿಂಗಡಿಸುವ ಜಾಗ. ಸಂಬಳ ಅದೇ, ಆದರೆ ಅಲ್ಲಿ ಮೊಣಕಾಲು ಕೆಟ್ಟವರು, ಬಸುರಿಯರು, ನಿವೃತ್ತಿ ಹತ್ತಿರವಾದವರು ಕೂರುತ್ತಿದ್ದರು. ಲಾರಿಯವರು ಅದರ ಪಕ್ಕ ಹಾದುಹೋಗುವಾಗ ಒಂದು ಜೋಕು ಹೊಡೆಯದೆ ಹೋಗುತ್ತಿರಲಿಲ್ಲ. ಅಕ್ಕನೇ ಎಷ್ಟೋ ಸಲ ಹೊಡೆದಿದ್ದಳು.

"ಅದಕ್ಕೇ ಹೇಳ್ತಿದೀನಿ, ಬೇಡ ಅಂತೀನಿ. ಮೊದಲಿನ ಹಾಗೇ ಇರೋಣ."

ಅಕ್ಕ ಈಗ ತಿರುಗಿದಳು. "ನೋಡು, ನಿನಗೆ ಬೇಡದಿದ್ದರೆ ಬೇಡ ಅನ್ನು. ಯಾರ ಬಲವಂತಾನೂ ಇಲ್ಲ. ಆದರೆ ನಿನ್ನ ಹೆದರಿಕೆ ತಂದು ನನ್ನ ಭುಜದ ಮೇಲೆ ಹೇರಬೇಡ. ಅದು ಮೊದಲೇ ನೋಯ್ತಾ ಇದೆ."

"ನನಗೇನು ಹೆದರಿಕೆ?"

"ಚಿಕ್ಕಂದಿನಿಂದ ಇದೇ ಕಥೆ. ಈಜು ಕಲಿಯೋಕೆ ಹೋಗೇ ಅಂದ್ರೆ, ಅಕ್ಕನಿಗೆ ಶೀತ ಆಗಿದೆ ಅಂತಿದ್ದೆ. ಶೀತ ನನಗೆ, ನೀರಿಗಿಳಿಯಬೇಕಾದವಳು ನೀನು!"

ತಂಗಿಗೆ ನಗು ಬಂತು, ಜೊತೆಗೇ ಕಣ್ಣಲ್ಲಿ ನೀರೂ ಬಂತು. ಎದುರಿನವನು ಎಚ್ಚರಗೊಂಡು, ಇಬ್ಬರನ್ನೂ ನೋಡಿ, ಮತ್ತೆ ನಿದ್ದೆಹೋದ. ಇಳಿಯುವಾಗ ಅಕ್ಕ ಎಡಗೈಯಲ್ಲಿ ಕಂಬಿ ಹಿಡಿದು ನಿಧಾನವಾಗಿ ಇಳಿದಳು. ತಂಗಿ ಕೈ ಕೊಡಲು ಹೋಗಿ, ಯಾಕೋ ತಡೆದುಕೊಂಡಳು.

ಮರುದಿನ ಲಾಂಡ್ರಿಯಲ್ಲಿ ಬಟ್ಟೆ ಮಡಿಚುವಾಗ ಅವಳ ತಲೆಯಲ್ಲಿ ಅದೇ ಮಾತು ಸುತ್ತುತ್ತಿತ್ತು. ಹೆದರಿಕೆ ಯಾವುದರದು? ಅಕ್ಕನ ಭುಜ ತನಗೊಂದು ನೆಪವೆನ್ನುವುದು ನಿಜವೇ ಇರಬಹುದು. ಅವಳಿಗೆ ನೆನಪಾದದ್ದು ಆ ಬೆಂಚು. ತಾನು ಹೋದ ಕೂಡಲೇ ನಿಂತ ಮಾತು, ಸರಿದು ಕೊಟ್ಟ ಜಾಗ. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದ ಹಾಗೆ, ಯಾರಿಗೂ ಬೇಡ ಎನ್ನದ ಹಾಗೆ ಬದುಕಿದ್ದಳು. ಕೊಟ್ಟದ್ದನ್ನು ಎತ್ತಿದ್ದಳು, ತೋರಿಸಿದ ಕಡೆ ಇಟ್ಟಿದ್ದಳು. ಎತ್ತುವವರಿಗೆ ಬೆನ್ನು ನೋಯುತ್ತದೆ. ಹೇಳುವವರಿಗೆ ನೋಯುವ ಜಾಗ ಎಲ್ಲಿದೆಯೆಂದು ನಿನ್ನೆ ಮಧ್ಯಾಹ್ನ ಅವಳಿಗೆ ಗೊತ್ತಾಗಿತ್ತು. ವಕೀಲರನ್ನು ಕಳಿಸಿದ್ದು ತಪ್ಪೇ. ಆದರೆ ತಾನು ಒಲ್ಲೆ ಎಂದರೂ ನಾಳೆ ಆ ಜಾಕೆಟ್ಟು ತೊಟ್ಟು ಇನ್ನೊಬ್ಬರು ನಿಲ್ಲುತ್ತಾರೆ, ಅವರೂ ಕಳಿಸುತ್ತಾರೆ. ಅವರಿಗೆ ಅಕ್ಕನ ಭುಜದ ವಿಷಯ ಗೊತ್ತಿರುತ್ತದೆಯೋ ಇಲ್ಲವೋ.

ಎದುರಿಗೆ ನಿಂತಿದ್ದ ಹೆಂಗಸು ಬಟ್ಟೆಯ ತನ್ನ ಅಂಚನ್ನು ಎಳೆದಳು. ತಂಗಿಯ ಬೆರಳುಗಳಿಂದ ಅಂಚು ಜಾರಿ ಕೆಳಗೆ ಬಿತ್ತು. ಎತ್ತಿಕೊಂಡಳು, ಮತ್ತೆ ಜಾರಿತು.

"ಏನಾಯ್ತೇ?"

"ಬೆರಳು ಮಡಚಿಕೊಂಡಿವೆ. ಬಿಡಿಸೋಕೆ ಆಗ್ತಿಲ್ಲ."

ಹೇಳಿದ್ದಾಯಿತು. ಹೇಳಿದ ಮೇಲೆ ಅದು ನಿಜವಾಯಿತು. ಆ ಹೆಂಗಸು ಅವಳ ಕೈಯನ್ನು ತೆಗೆದುಕೊಂಡು, ಬಿಸಿ ಬಟ್ಟೆಯಲ್ಲಿ ಸುತ್ತಿ, ತನ್ನ ಎರಡು ಕೈಗಳ ಮಧ್ಯೆ ಸ್ವಲ್ಪ ಹೊತ್ತು ಹಿಡಿದಿದ್ದಳು. ಅಲ್ಲೇ ನಿಂತು ತಂಗಿ ತೀರ್ಮಾನ ಮಾಡಿದಳು. ದೊಡ್ಡ ದೊಡ್ಡ ಕಾರಣಗಳೇನೂ ಹೊಳೆಯಲಿಲ್ಲ. ಸಾಕಾಗಿತ್ತು. ಎರಡು ಕಡೆಯ ಈ ಓಟದಲ್ಲಿ ಒಂದನ್ನು ಬಿಡಬೇಕಿತ್ತು, ಬಿಡಲು ಒಂದು ದಾರಿ ತಾನಾಗಿಯೇ ಬಂದು ಎದುರು ನಿಂತಿತ್ತು. ಮುಂದಿನ ವಾರದಿಂದ ಬರುವುದಿಲ್ಲವೆಂದು ಲಾಂಡ್ರಿಯ ಯಜಮಾನನಿಗೆ ಹೇಳಿ ಹೊರಬಿದ್ದಳು.

ಮ್ಯಾನೇಜರ್ ಕಟ್ಟೆಯ ತುದಿಯಲ್ಲಿ ನಿಂತು ಬಿಸ್ಕತ್ತು ತಿನ್ನುತ್ತಿದ್ದ. "ಆಗಲಿ" ಎಂದಳು. ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ, "ದೇವರು ದೊಡ್ಡವನು" ಎಂದು ಬಿಸ್ಕತ್ತಿನ ಪೊಟ್ಟಣವನ್ನೇ ಅವಳ ಮುಂದೆ ಚಾಚಿದ.

"ಒಂದು ಮಾತಿದೆ. ಯಾರನ್ನ ಎಲ್ಲಿ ಹಾಕಬೇಕು ಅಂತ ನಾನು ಹೇಳ್ತೀನಿ. ಒಂದು ಲಾರೀಲಿ ಒಬ್ಬರನ್ನೇ ಬಿಡೋದಿಲ್ಲ. ತಡ ಆದರೆ ತಡ. ಫೋನ್ ಮಾಡಿ ಕೂಗಾಡಿದರೆ ನಾನು ಎತ್ತಲ್ಲ."

"ನನ್ನ ಮೇಲಿನವರು ಕೂಗಾಡಿದರೆ?"

"ನೀವೂ ಎತ್ತಬೇಡಿ."

ಅವನು ನಗಲೋ ಬೇಡವೋ ಎನ್ನುವಂತೆ ನಿಂತ. ಆಮೇಲೆ ನಕ್ಕ.

ವಕೀಲರಿಗೆ ಅವಳೇ ಹೋಗಿ ಹೇಳಿದಳು. ಅವರು ತಲೆಯಾಡಿಸಿದರು. "ಇನ್ನು ಮೇಲೆ ನಿನ್ನ ಜೊತೆ ನಾನು ಜಗಳ ಆಡಬೇಕಾಗುತ್ತೆ."

"ಆಡಿ."

"ಇವತ್ತು ಬೇಡ. ಮೈಯೆಲ್ಲಾ ನೋವು." ಹೋಗುತ್ತ ತಿರುಗಿ, "ನಿನ್ನೆ ಎತ್ತಿದ್ದು ಲೆಕ್ಕಕ್ಕಿಲ್ಲ. ಆಗ ನೀನಿನ್ನೂ ನಮ್ಮವಳೇ" ಎಂದರು.

ಹೊಸ ವಾರದ ಮೊದಲ ದಿನ ಎಲ್ಲರೂ ಕಟ್ಟೆಯ ಹತ್ತಿರ ಸೇರಿದಾಗ ತಂಗಿ ಒಬ್ಬೊಬ್ಬರಿಗೂ ಜಾಗ ಹೇಳುತ್ತ ಬಂದಳು. ಅಕ್ಕ ಸಾಲಿನ ಕೊನೆಯಲ್ಲಿ ಕೈಕಟ್ಟಿ ನಿಂತಿದ್ದಳು. ಮನೆಯಲ್ಲಿ ಈ ವಿಷಯವನ್ನು ಮೊದಲೇ ಆಡಬೇಕೆಂದು ತಂಗಿ ಎರಡು ಸಲ ಮುಂದಿನ ಕೋಣೆಯವರೆಗೆ ಹೋಗಿ, ಬಾಗಿಲಿನಿಂದಲೇ ವಾಪಸ್ ಬಂದಿದ್ದಳು.

"ಮೇಡಂ, ನನ್ನನ್ನ ಎಲ್ಲಿ ಹಾಕ್ತೀರಾ?" ಎಂದಳು ಅಕ್ಕ. ಒಂದಿಬ್ಬರು ನಕ್ಕರು.

"ಒಳಗಿನ ಮೇಜಿಗೆ."

ನಗು ನಿಂತಿತು. ಅಕ್ಕ ಒಂದು ಕ್ಷಣ ಅವಳನ್ನೇ ನೋಡಿದಳು. ಚಿಕ್ಕಂದಿನಲ್ಲಿ ತಂಗಿ ಎದುರುತ್ತರ ಕೊಟ್ಟಾಗ ನೋಡುತ್ತಿದ್ದ ನೋಟ ಅದು. ಆಮೇಲೆ ತಿರುಗಿ ನಡೆದಳು. ಬೆನ್ನು ನೆಟ್ಟಗಿತ್ತು. ಬಲಗೈ ಮಾತ್ರ ಮೈಗೆ ಅಂಟಿಕೊಂಡಂತೆ ಅಲುಗಾಡದೆ ಇತ್ತು. ತಂಗಿ ಎರಡೂ ಕೈಗಳನ್ನು ಜಾಕೆಟ್ಟಿನ ಜೇಬಿನಲ್ಲಿ ತುರುಕಿಕೊಂಡು ಮುಂದಿನವರ ಕಡೆಗೆ ತಿರುಗಿದಳು.

ಅವತ್ತು ಬಸ್ಸಿನಲ್ಲಿ ಅಕ್ಕ ಬೇರೆ ಸೀಟಿನಲ್ಲಿ ಕೂತಳು. ಮನೆಯಲ್ಲಿ ಮಾತಿಲ್ಲ. ಮರುದಿನವೂ ಇಲ್ಲ. ಬೇಕಾದದ್ದನ್ನು ಮಗಳ ಮೂಲಕ ಹೇಳಿಸುತ್ತಿದ್ದಳು: "ನಿಮ್ಮಮ್ಮನಿಗೆ ಹೇಳು, ಒಲೆ ಆರಿಸೋಕೆ." ಮಗಳಿಗೆ ಸಾಕುಸಾಕಾಗಿ, "ನಾನೇನು ಟೆಲಿಫೋನಾ?" ಎಂದು ಒಂದು ದಿನ ರೇಗಿದಳು. ಗಂಡ ನಡುವೆ ಬಾಯಿ ಹಾಕಲು ಹೋಗಿ, "ಅತ್ತಿಗೆ, ಕೂತು ಮಾಡೋ ಕೆಲಸಕ್ಕೆ ಎಷ್ಟೋ ಜನ..." ಎನ್ನುವಷ್ಟರಲ್ಲಿ ಅಕ್ಕ ನೋಡಿದ ನೋಟಕ್ಕೆ ಫ್ರಿಜ್ಜಿನ ಬಾಗಿಲು ತೆರೆದು ಒಳಗೆ ಏನನ್ನೋ ಹುಡುಕತೊಡಗಿದ.

ತಂಗಿ ಕಾದಳು. ಕಾಯುವುದೂ ಒಂದು ಕೆಲಸವೇ, ಅದೂ ಮೈ ಹಣ್ಣು ಮಾಡುತ್ತದೆ. ಗೋದಾಮಿನಲ್ಲಿ ಬೆಂಚಿನ ಮೇಲೆ ಈಗಲೂ ಅವಳಿಗೆ ಸರಿದು ಜಾಗ ಕೊಡುತ್ತಿದ್ದರು. ಅವಳು ಚಹಾ ಲೋಟ ಹಿಡಿದು ಕಟ್ಟೆಯ ತುದಿಗೆ ಹೋಗಿ ನಿಂತು ಕುಡಿಯುವುದನ್ನು ರೂಢಿ ಮಾಡಿಕೊಂಡಳು. ಬೆಳಗಿನ ಹೊತ್ತು ಮನೆಯಲ್ಲಿರುತ್ತಿದ್ದುದರಿಂದ ಬೆರಳುಗಳು ಮಾತ್ರ ಮೊದಲಿಗಿಂತ ಬೇಗ ಬಿಚ್ಚಿಕೊಳ್ಳುತ್ತಿದ್ದವು.

ಆ ವಾರ ಕಳೆದು ಇನ್ನೊಂದು ಅರ್ಧ ವಾರ ಆಗಿರಬೇಕು. ಸಂಜೆ ಮನೆಗೆ ಬಂದು ತಂಗಿ ಶೂ ಕೂಡ ಬಿಚ್ಚದೆ ಗೋಡೆಗೆ ಒರಗಿ ಕೂತಿದ್ದಳು. ಅಕ್ಕ ಅವಳಿಗಿಂತ ಮೊದಲೇ ಬಂದಿದ್ದಳು. ಭುಜಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು ಮಂಚದ ಅಂಚಿನಲ್ಲಿ ಕೂತಿದ್ದಳು. ಒಳಗೆ ಮಗಳು ಪಾಠ ಓದುವ ಸದ್ದು ಕೇಳುತ್ತಿತ್ತು.

"ಆ ಮೇಜಿನ ಮೇಲೆ ಇರೋ ದೀಪ ಯಾವ ಕಾಲದ್ದೇ?" ಎಂದಳು ಅಕ್ಕ, ಗೋಡೆಯ ಕಡೆ ನೋಡುತ್ತ.

ತಂಗಿ ತಲೆಯೆತ್ತಿದಳು. "ಯಾಕೆ?"

"ಪುಕ್ ಪುಕ್ ಅಂತ ಮಿಟುಕ್ತಾನೇ ಇರುತ್ತೆ. ಹರಿದುಹೋದ ವಿಳಾಸ ಓದೋಕೆ ಹೋದರೆ ಕಣ್ಣೇ ಕಿತ್ತು ಬರುತ್ತೆ. ಭುಜ ಹೋಯ್ತು, ಇನ್ನು ಕಣ್ಣೂ ಹೋಗಲಿ ಅಂತಾನಾ ನಿಮ್ಮ ಕಂಪನಿ? ಆ ಕುರ್ಚಿಗಳೋ, ಒಂದಕ್ಕೂ ನೆಟ್ಟಗೆ ನಾಲ್ಕು ಕಾಲಿಲ್ಲ. ಅಲ್ಲಿ ಬಸುರಿಯರು ಕೂರ್ತಾರೆ, ಗೊತ್ತಾ ನಿನಗೆ?"

"ಕುರ್ಚಿ ವಿಷಯ ಗೊತ್ತಿರಲಿಲ್ಲ ಅಕ್ಕ."

"ಹೇಗೆ ಗೊತ್ತಿರುತ್ತೆ, ಒಂದು ದಿನಾನಾದ್ರೂ ಆ ಕಡೆ ಬಂದ್ಯಾ? ಲಾರಿ ಹತ್ತಿರಾನೇ ಸುತ್ತುತಿರ್ತೀಯ." ಅಕ್ಕ ಬಿಸಿನೀರಿನ ಚೀಲವನ್ನು ಸರಿಮಾಡಿಕೊಂಡಳು. "ನಾಳೆ ಬಂದು ನೋಡು."

"ಬರ್ತೀನಿ."

"ಬರ್ತೀನಿ ಅಂದ್ರೆ ಬರಬೇಕು."

"ಬರ್ತೀನಿ ಅಂದ್ನಲ್ಲ."

"ಸರಿ. ಆ ಶೂ ಬಿಚ್ಚು ಮೊದಲು, ಮನೆಯೆಲ್ಲಾ ಧೂಳು ಮಾಡಬೇಡ" ಎಂದು ಅಕ್ಕ ಎದ್ದು, ಒಲೆಯ ಮೇಲಿಟ್ಟಿದ್ದ ಅನ್ನ ನೋಡಲು ಒಳಗೆ ಹೋದಳು.